ಸಾವ್ಕಾರನ ಮೈ, ಕೊಟ್ರಬಸಮ್ಮನ ಐವತ್ತೈದು

ಇಟ್ಟಿಗಿಯ ಏಕಾಂತಪ್ಪನ ಮನೆಯಲ್ಲಿ ಈ ಸಲ ಸುಗ್ಗಿ ಮುಗಿದ ಮೇಲೆ ಊಟದ ಸರದಿಯೇ ಬದಲಾಯಿತು. ಮೊದಲು ಎತ್ತು, ಆಮೇಲೆ ಏಕಾಂತಪ್ಪ, ಇಬ್ಬರ ಪಾತ್ರೆಯನ್ನೂ ತೊಳೆದಿಟ್ಟ ಮೇಲೆ ಕೊಟ್ರಬಸಮ್ಮ.

ಎತ್ತಿನ ಹೆಸರು ಸಾವ್ಕಾರ. ನಾಲ್ಕು ಹಲ್ಲಿನ ಕಿಲಾರಿ ಹೋರಿ, ಬೀಜ ಒಡೆಸಿ ವರ್ಷವಾಗಿತ್ತು. ಇನ್ನೇನು ನೊಗಕ್ಕೆ ಹೂಡಬೇಕು ಎನ್ನುವಷ್ಟರಲ್ಲಿ ಹರಪನಹಳ್ಳಿಯ ಹಿಂಡಿ-ಬೂಸಾ ವರ್ತಕರು ಒಂದು ಸ್ಪರ್ಧೆ ಸಾರಿಬಿಟ್ಟರು. ಎಳೆಯ ಎತ್ತುಗಳನ್ನು ಮೆಕ್ಕೆಜೋಳ ತೂಗುವ ಕಾಟಾದ ಮೇಲೆ ತೂಗಿಸಿ ಹೆಸರು ಬರೆಸಬೇಕು, ಮೂರು ತಿಂಗಳು ಮೇಯಿಸಿ ಮತ್ತೆ ತೂಗಿಸಬೇಕು. ಯಾವ ಎತ್ತು ಎಲ್ಲಕ್ಕಿಂತ ಹೆಚ್ಚು ಮೈ ಕೂಡಿಸಿಕೊಳ್ಳುತ್ತದೋ ಅದರ ಮನೆಗೆ ಕರೆಂಟಿನ ಮೇವು ಕತ್ತರಿಸುವ ಯಂತ್ರ ಬಹುಮಾನ.

ಏಕಾಂತಪ್ಪನಿಗೆ ಬೇಕಾಗಿದ್ದದ್ದು ಹೆಸರು. ಯಂತ್ರ ಬೇಕಾಗಿದ್ದದ್ದು ಕೊಟ್ರಬಸಮ್ಮನಿಗೆ. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಸೊಪ್ಪೆ, ಹುಲ್ಲು, ಜೋಳದ ದಂಟು ಎಲ್ಲವನ್ನೂ ಕುಡಗೋಲಿನಲ್ಲಿ ಕತ್ತರಿಸಿದ್ದು ಅವಳ ಬಲಗೈ. ಈಗೀಗ ಆ ಕೈಯನ್ನು ತಲೆ ಬಾಚಿಕೊಳ್ಳಲು ಎತ್ತಿದರೂ ಭುಜ ಕಟಕ್ ಎನ್ನುತ್ತಿತ್ತು. ಸ್ಪರ್ಧೆಯ ಸುದ್ದಿಯೊಂದಿಗೆ ಮೊಬೈಲಿಗೆ ಬಂದ ಯಂತ್ರದ ಚಿತ್ರವನ್ನು ಅವಳು, ಕನ್ಯೆ ನೋಡಲು ಬಂದ ವರನ ಫೋಟೋವನ್ನು ನೋಡುವ ಹಾಗೆ, ಯಾರೂ ಇಲ್ಲದಾಗ ತೆಗೆದು ತೆಗೆದು ನೋಡಿದ್ದಳು.

ಏಕಾಂತಪ್ಪ ಒಂದೇ ವಾರದಲ್ಲಿ ತಜ್ಞನಾದ. ಬೆಳಿಗ್ಗೆ ಬೇಯಿಸಿದ ಹುರುಳಿ, ಮಧ್ಯಾಹ್ನ ನೆನೆಸಿದ ಶೇಂಗಾ ಹಿಂಡಿ, ಸಂಜೆ ಮೆಕ್ಕೆಜೋಳದ ನುಚ್ಚು, ನಡುನಡುವೆ ಒಂದೊಂದು ಉಂಡೆ ಬೆಲ್ಲ.

"ಹುರುಳಿ ಬೆಂದವೇನಲೇ?" ಎಂದು ಅಡುಗೆ ಮನೆಗೆ ತಲೆ ಹಾಕುವನು.

"ನಿಮಗೋ, ಎತ್ತಿಗೋ?"

"ನನಗ್ಯಾಕ? ನಾನೇನು ಸ್ಪರ್ಧಾಕ ನಿಂತೀನೇನು?"

ಯಾವುದೋ ದೇಶದಲ್ಲಿ ಸ್ಪರ್ಧೆಯ ಹೋರಿಗೆ ಗಾಳಿ ಹಾಕಿ, ಕೂದಲು ಬಾಚಿ, ಎಣ್ಣೆ ಸವರುವುದನ್ನು ಮೊಬೈಲಿನಲ್ಲಿ ನೋಡಿದವನೇ ಪಡಸಾಲೆಯ ಫ್ಯಾನನ್ನು ಬಿಚ್ಚಿ ಕೊಟ್ಟಿಗೆಗೆ ಒಯ್ದ. ಆ ಬೇಸಿಗೆ ಇಟ್ಟಿಗಿಯಲ್ಲಿ ಫ್ಯಾನಿನ ಕೆಳಗೆ ಮಲಗಿದ ಎತ್ತು ಅದೊಂದೇ. ಕೊಟ್ರಬಸಮ್ಮ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ, "ಸಾವ್ಕಾರ್ರಿಗೆ ಇನ್ನೊಂದು ತಲಿದಿಂಬು ಕೊಡಲೇನು?" ಎಂದು ಕೇಳಿದರೆ ಏಕಾಂತಪ್ಪ ಒಂದು ಕ್ಷಣ ಯೋಚಿಸಿ, "ಬ್ಯಾಡ, ಕೋಡಿಗೆ ಸಿಗ್ತೈತಿ" ಅಂದ.

ಇಲ್ಲಿ ಕೊಟ್ರಬಸಮ್ಮನ ಐವತ್ತೈದರ ವಿಷಯವನ್ನೂ ಹೇಳಿಬಿಡಬೇಕು. ಐವತ್ತೈದು ಅವಳ ವಯಸ್ಸಲ್ಲ, ತೂಕ. ಅಂದರೆ, ಅವಳು ಹೇಳುವ ತೂಕ. ಎಷ್ಟೋ ವರ್ಷದ ಹಿಂದೆ, ಕೊಟ್ಟೂರಿಗೆ ಕೊಟ್ಟ ನಾದಿನಿ ಸುಮಲತಾ ಒಂದು ಮದುವೆ ಮನೆಯಲ್ಲಿ ಹತ್ತು ಜನ ಹೆಂಗಸರ ನಡುವೆ, "ಅತ್ತಿಗಿ, ನೀವೀಗ ಎಷ್ಟು ಕಿಲೋ ಅದೀರಿ?" ಎಂದು ಕೇಳಿದ್ದಳು. ಕೊಟ್ರಬಸಮ್ಮ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, "ಐವತ್ತೈದು" ಅಂದಳು. ಆಮೇಲೆ ಎಷ್ಟು ಹಬ್ಬ ಬಂದವು, ಎಷ್ಟು ಕುಪ್ಪಸದ ಹೊಲಿಗೆ ಬಿಚ್ಚಿ ಸಡಿಲಿಸಿದ್ದಾಯಿತು, ಐವತ್ತೈದು ಮಾತ್ರ ಕದಲಲಿಲ್ಲ. ಸರಕಾರಗಳು ಬದಲಾದವು, ಇಟ್ಟಿಗಿಯ ರಸ್ತೆಗೆ ಎರಡು ಸಲ ಡಾಂಬರು ಬಿತ್ತು, ಕೊಟ್ರಬಸಮ್ಮ ಐವತ್ತೈದೇ.

ಮೊದಲ ತೂಕದ ದಿನ ಓಣಿಯ ದುರುಗಣ್ಣ ತನ್ನ ಟ್ರ್ಯಾಕ್ಟರು ತಂದ. ಸಾವ್ಕಾರ ಟ್ರೇಲರು ಹತ್ತಲು ಒಪ್ಪಲಿಲ್ಲ. ಮುಂದಿನಿಂದ ಏಕಾಂತಪ್ಪ ಎಳೆದ, ಹಿಂದಿನಿಂದ ದುರುಗಣ್ಣ ನೂಕಿದ. ಕೊನೆಗೆ ಕೊಟ್ರಬಸಮ್ಮ ತಾನೇ ಹತ್ತಿ, "ಬಾರಪ್ಪ" ಅಂದಳು. ಹತ್ತಿತು. ದಾರಿಯುದ್ದಕ್ಕೂ ಅವಳ ಹೆಗಲ ಮೇಲೆ ಮೂತಿ ಇಟ್ಟುಕೊಂಡು, ಹೊಸದಾಗಿ ಗಂಡನ ಮನೆಗೆ ಹೊರಟ ಹುಡುಗಿಯ ಹಾಗೆ ಕಣ್ಣರಳಿಸಿ ನೋಡುತ್ತ ಹರಪನಹಳ್ಳಿಗೆ ಬಂತು.

ಲಾರಿಗಳನ್ನು ತೂಗುವ ಕಾಟಾ ಎಂದರೆ ನೆಲಕ್ಕೆ ಹಾಸಿದ ದೊಡ್ಡ ಕಬ್ಬಿಣದ ಹಲಗೆ, ಪಕ್ಕದಲ್ಲಿ ಗಾಜಿನ ಕೋಣೆ, ಒಳಗೆ ಹಂಪೇಶ. ಖಾಲಿ ಟ್ರ್ಯಾಕ್ಟರಿನ ತೂಕ ದುರುಗಣ್ಣನ ಮೆಕ್ಕೆಜೋಳದ ಲೋಡುಗಳಿಂದಾಗಿ ಹಂಪೇಶನಿಗೆ ಬಾಯಿಪಾಠ. ಆ ಕಡೆಯ ರೈತರು ಮಾಲಿನ ಜೊತೆ ತಾವೂ ಒಂದಿಬ್ಬರು ಚೀಲದ ಸಂದಿಯಲ್ಲಿ ಕೂತು ತೂಗಿಸಿಕೊಳ್ಳುವುದೂ ಅವನಿಗೆ ಗೊತ್ತು. ಹಾಗಾಗಿ ಕಿಟಕಿಯಿಂದಲೇ, "ಎಲ್ಲಾರೂ ಇಳೀರಿ! ಎತ್ತೊಂದೇ ಇರ್ಲಿ!" ಎಂದು ಕೂಗಿದ.

ದುರುಗಣ್ಣ ಇಳಿದ. ಏಕಾಂತಪ್ಪ ಇಳಿದ. ಕೊಟ್ರಬಸಮ್ಮನೂ ಇಳಿಯಲು ಎದ್ದಳು. ಸಾವ್ಕಾರ ಹಗ್ಗ ಜಗ್ಗಿ, ಅವಳ ಹಿಂದೆಯೇ ಹಾರಲು ಮುಂಗಾಲೆತ್ತಿತು. ಅವಳು ಕೂತಳು. ಅದೂ ನಿಂತಿತು. ಎರಡು ನಿಮಿಷದ ಕೆಲಸ, ಇದಕ್ಕೆ ಕಾಲು ಮುರಿಸುವುದೇಕೆ ಎಂದು ಅವಳು ಟ್ರೇಲರಿನ ಹಲಗೆಯ ಮರೆಯಲ್ಲಿ, ಮೇವಿನ ಚೀಲದ ಮೇಲೆ ಕೂತೇ ಇದ್ದಳು. ಇತ್ತ ಏಕಾಂತಪ್ಪ ಎದುರಿನ ಬಜ್ಜಿ ಅಂಗಡಿಯ ಮುಂದೆ ಹೆಂಡತಿಯಂತೆಯೇ ಹಸಿರು ಸೀರೆ ಉಟ್ಟ ಹೆಂಗಸೊಬ್ಬಳ ಬೆನ್ನು ನೋಡಿ, ನಮ್ಮಾಕೆ ಬಜ್ಜಿ ತಿನ್ನುತ್ತಿದ್ದಾಳೆ ಎಂದು ನಿಶ್ಚಿಂತನಾದ.

"ಮೂರು ಕ್ವಿಂಟಲ್ ತೊಂಬತ್ತು!" ಎಂದು ಹಂಪೇಶ ಕೂಗಿದ.

ಸ್ಪರ್ಧೆಗೆ ತೀರ್ಪುಗಾರರಾಗಿದ್ದ ಪಶುವೈದ್ಯ ಗಂಗಾಧರ ಕನ್ನಡಕ ಏರಿಸಿ ಎತ್ತನ್ನು ನೋಡಿದರು. "ನೋಡಾಕ ಅಷ್ಟು ಕಾಣಲ್ಲಲ್ರೀ."

"ಗಟ್ಟಿ ಎಲುಬ್ರೀ ಡಾಕ್ಟ್ರೇ," ಅಂದ ಏಕಾಂತಪ್ಪ, ಆ ಎಲುಬುಗಳನ್ನು ತಾನೇ ಎರಕ ಹೊಯ್ದವನಂತೆ.

ಅರ್ಧ ಅವಧಿ ಕಳೆದ ಮೇಲೆ ಏಕಾಂತಪ್ಪನಿಗೆ ತಡೆಯಲಾಗಲಿಲ್ಲ. ಎಷ್ಟು ಏರಿದೆ ನೋಡಿಬರೋಣ ಎಂದು ಸಾವ್ಕಾರನನ್ನು ಮತ್ತೆ ಹರಪನಹಳ್ಳಿಗೆ ಒಯ್ದ. ಅವತ್ತು ಸುಮಲತಾ ಕೊಟ್ಟೂರಿನಿಂದ ಬಂದಿದ್ದಳು, ಕೊಟ್ರಬಸಮ್ಮ ಮನೆಯಲ್ಲೇ ಉಳಿದಳು. ಎತ್ತಿಗೂ ಈಗ ಹಾರುವ ಉಮೇದು ಉಳಿದಿರಲಿಲ್ಲ. ಒಂದು ಹೆಡಿಗೆ ಹಿಂಡಿ ತೋರಿಸಿದರೆ ಟ್ರೇಲರೇನು, ಬಸ್ಸೂ ಹತ್ತುತ್ತಿತ್ತು.

ಮಧ್ಯಾಹ್ನ ತಿರುಗಿ ಬಂದ ಏಕಾಂತಪ್ಪ ಎತ್ತನ್ನು ಕಟ್ಟದೆ, ಚಪ್ಪಲಿ ಬಿಡದೆ, ಕಟ್ಟೆಯ ಮೇಲೆ ಕುಸಿದು ಕೂತ.

"ಏನಾತ್ರಿ?"

"ಮೂವತ್ತೈದು ಕಿಲೋ ಇಳಿದೈತಿ."

"ಯಾರು?"

"ಯಾರಂದ್ರ? ನಮ್ಮ ಸಾವ್ಕಾರ! ಮೂರು ಕ್ವಿಂಟಲ್ ಐವತ್ತೈದು ಬಂತು. ತಿಂದಿದ್ದೆಲ್ಲಾ ಎಲ್ಲಿ ಹೋತು?"

ಓಣಿ ಕೂಡಿತು. ಆ ಎತ್ತು ಕಣ್ಣ ಮುಂದೆಯೇ ನಿಂತಿತ್ತು. ಬೆನ್ನ ಮೇಲೆ ಚಾಪೆ ಹಾಸಿ ಮಲಗಬಹುದಾದಷ್ಟು ಅಗಲವಾಗಿತ್ತು. ಆದರೆ ಕಾಟಾ ಒಂದು ಮಾತು ಹೇಳಿದ ಮೇಲೆ ಕಣ್ಣನ್ನು ಯಾರು ನಂಬುತ್ತಾರೆ?

"ಕೊಳ್ಳಾನ ಹಗ್ಗ ನಾನೇ ಎರಡು ಸಲ ಸಡಿಲ ಮಾಡೀನ್ರಿ," ಅಂದಳು ಕೊಟ್ರಬಸಮ್ಮ.

"ಅದು ಬಾವು!" ಅಂದ ಏಕಾಂತಪ್ಪ.

"ಜಂತು ಬಿದ್ದಾವ," ಅಂದ ದುರುಗಣ್ಣ. "ಹೊಟ್ಟ್ಯಾಗ ಒಂದು ಮಾರುದ್ದದ ಜಂತು ಐತಿ. ನಾವು ಹಾಕಿದ್ದು ಎತ್ತಿಗಲ್ಲ, ಅದಕ್ಕ."

ಎದುರು ಮನೆಯ ಅಂಜಿನಕ್ಕ ಎರಡೂ ಕೈಯಿಂದ ಎತ್ತಿನ ಹಣೆ ನೀವಿ, ತನ್ನ ಕಪಾಳಕ್ಕೆ ಒತ್ತಿ ನೆಟಿಗೆ ಮುರಿದಳು. "ದಿಟ್ಟಿ ಆಗೈತಪ್ಪ. ಎತ್ತಿಗೆ ಫ್ಯಾನು ಹಚ್ಚಿದ್ರ ಊರು ಸುಮ್ನ ನೋಡ್ತೈತೇನು? ನಮ್ಮ ಮನ್ಯಾಗ ಮನಷ್ಯಾರಿಗೇ ಫ್ಯಾನಿಲ್ಲ, ನಾನೇ ಒಂದೆರಡು ಸಲ ನೋಡಿ ಹೊಟ್ಟಿ ಉರ್ಕೊಂಡೀನಿ."

"ಏನೋ ಚಿಂತಿ ಹಚ್ಕೊಂಡೈತಿ," ಅಂತ ಹಿಂದಿನಿಂದ ಯಾರೋ ಅಂದರು.

"ಎತ್ತಿಗೆಂಥಾ ಚಿಂತಿ?"

"ನಾಳೆ ಸ್ಪರ್ಧಾದಾಗ ಸೋತ್ರ ಏಕಾಂತಣ್ಣ ಏನಂತಾನೋ ಅಂತ."

ಎಲ್ಲರಿಗೂ ಚಹಾ ಹಂಚುತ್ತಿದ್ದ ಸುಮಲತಾ ಆಗ ಒಂದು ಮಾತು ಆಡಿದಳು. "ಅಣ್ಣಾ, ಹೋದ ಸಲ ಅತ್ತಿಗಿ ಬಂದಿದ್ರು, ತೂಕ ಚಲೋ ಬಂತು. ಈ ಸಲ ಬಂದಿಲ್ಲ, ತೂಕ ಇಳೀತು. ಎಲ್ಲಾ ಅತ್ತಿಗಿ ಕಾಲ್ಗುಣ."

ಕೊಟ್ರಬಸಮ್ಮನ ತುಟಿಯ ಹತ್ತಿರ ಹೋಗಿದ್ದ ಲೋಟ ಅಲ್ಲೇ ನಿಂತಿತು. ಕಾಲಿನ ಗುಣವೊಂದೇ ಅಲ್ಲ, ಕಾಲಿನ ಮೇಲಿರುವುದೆಲ್ಲದರ ಗುಣವೂ ಅದರಲ್ಲಿ ಸೇರಿದೆ ಎನ್ನುವುದು ಅವಳಿಗೆ ಆ ಕ್ಷಣ ಹೊಳೆಯಿತು. ಟ್ರೇಲರಿನ ಹಲಗೆ, ಮೇವಿನ ಚೀಲ, ಅದರ ಮೇಲೆ ಸುಖವಾಗಿ ಕೂತ ತಾನು. ಎತ್ತು ಇಳಿದಿಲ್ಲ, ತಾನು ಇಳಿದಿದ್ದೇನೆ.

ಹೇಳಿಬಿಡಬೇಕೆಂದು ಬಾಯಿ ತೆರೆದಳು. ಹೇಳಿದರೆ ಮುಂದಿನ ಪ್ರಶ್ನೆ ಏನೆಂದೂ ಗೊತ್ತಿತ್ತು, ಅದನ್ನು ಯಾರು ಕೇಳುತ್ತಾರೆಂದೂ ಗೊತ್ತಿತ್ತು. ಆಕೆ ಎದುರಿಗೇ ಚಹಾದ ಕೆಟಲಿ ಹಿಡಿದು ನಿಂತಿದ್ದಳು. ತೆರೆದ ಬಾಯಿಗೆ ಕೊಟ್ರಬಸಮ್ಮ ಚಹಾ ಸುರಿದುಕೊಂಡಳು.

ಅಂದಿನಿಂದ ಸಾವ್ಕಾರನ ಮೇಲೆ ಮೇವಿನ ದಾಳಿ ಶುರುವಾಯಿತು. ನುಚ್ಚಿನ ಬುಟ್ಟಿ ಎರಡಾಯಿತು, ಎರಡು ಮೂರಾಯಿತು. ದುರುಗಣ್ಣ ಜಂತಿನ ಔಷಧಿ ತಂದು ಬಿದಿರಿನ ಗೊಟ್ಟದಲ್ಲಿ ಹಾಕಿ ಕುಡಿಸಿದ. ಅಂಜಿನಕ್ಕ ಕೋಡಿಗೆ ಕರಿದಾರ ಕಟ್ಟಿ, ಹಳೆಯ ಚಪ್ಪಲಿಯೊಂದನ್ನು ಕೊಟ್ಟಿಗೆಯ ಬಾಗಿಲಿಗೆ ತೂಗುಹಾಕಿ, ದಿಟ್ಟಿ ತೆಗೆದ ರೊಟ್ಟಿಯನ್ನೂ ಎತ್ತಿಗೇ ತಿನ್ನಿಸಿದಳು. ಆ ಕಡೆ ಹಡಗಲಿಯ ಮಲ್ಲಿಗೆ ವ್ಯಾಪಾರಿ ವೆಂಕಟೇಶ, ಸ್ಪರ್ಧೆಯಲ್ಲಿ ಎದುರಾಳಿ, ತನ್ನ ಎತ್ತಿಗೆ ಮೊಳಗಟ್ಟಲೆ ಮಲ್ಲಿಗೆ ಮುಡಿಸಿ ಫೋಟೋ ಹಾಕುತ್ತಿದ್ದ. ಪ್ರತಿ ಫೋಟೋಕ್ಕೂ ಏಕಾಂತಪ್ಪ ಒಂದೊಂದು ಸೇರು ಮೆಕ್ಕೆಜೋಳದಿಂದ ಉತ್ತರ ಕೊಟ್ಟ.

ಕೊಟ್ರಬಸಮ್ಮ ತನ್ನ ಕೈಲಾದದ್ದು ಮಾಡಿದಳು. ಅವನು ಹಾಕಿದ ನುಚ್ಚನ್ನು ಅವನು ಆ ಕಡೆ ಹೋದಾಗ ಮೊರದಲ್ಲಿ ತೆಗೆದಳು. ತೆಗೆದದ್ದನ್ನು ಕಂಡ ಅಂಜಿನಕ್ಕ, ಪಾಪ ಎತ್ತಿನ ಮುಂದೆ ಏನೂ ಇಲ್ಲವಲ್ಲ ಎಂದು ತನ್ನ ಮನೆಯದನ್ನು ತಂದು ಸುರಿದಳು.

ಒಂದು ಬೆಳಿಗ್ಗೆ ಸಾವ್ಕಾರ ಹುರುಳಿಗೆ ಮೂತಿ ಹಾಕಲಿಲ್ಲ. ಎಡಗಡೆಯ ಹೊಟ್ಟೆ ನಗಾರಿಯಂತೆ ಉಬ್ಬಿತ್ತು, ತಟ್ಟಿದರೆ ಹಾಗೆಯೇ ಸದ್ದೂ ಮಾಡುತ್ತಿತ್ತು. ನಾಲಗೆ ಹೊರಗೆ, ಕಣ್ಣು ಮೇಲೆ.

"ಅಯ್ಯಯ್ಯೋ, ಎಡಕಡೆ ಎಷ್ಟು ಚಲೋ ಮೈ ಬಂದೈತಿ!" ಎಂದು ಓಡಿಬಂದ ಏಕಾಂತಪ್ಪ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡಿ ಬೆವತ.

ಡಾಕ್ಟರು ಗಂಗಾಧರ ಬೈಕಿನಲ್ಲಿ ಬಂದರು. "ಮೆಕ್ಕಿಜ್ವಾಳ ಎಷ್ಟು ಹಾಕೀರಿ?"

"ತಿಂದಷ್ಟು ಹಾಕೀನ್ರಿ."

"ಎಷ್ಟು ತಿಂತು?"

"ಹಾಕಿದಷ್ಟು."

ಡಾಕ್ಟರು ಅಂಗಿ ಬಿಚ್ಚಿ ಬನಿಯನಿನಲ್ಲಿ ನಿಂತರು. ಎಣ್ಣೆ ಕುಡಿಸಿದರು, ಸೋಡಾ ಕದಡಿ ಕುಡಿಸಿದರು, ಒಂದು ಸೂಜಿ ಹಾಕಿದರು, ಅಡ್ಡಾಡಿಸಿ ಅಂದರು. ಓಣಿಯ ಗಂಡಸರೆಲ್ಲ ಸರದಿಯಲ್ಲಿ ಎತ್ತಿನ ಹೊಟ್ಟೆ ತಿಕ್ಕುತ್ತ ಬಾವಿಯವರೆಗೆ ಹೋಗುವುದು, ಬರುವುದು. ಏಕಾಂತಪ್ಪ ಮುಂದೆ ಹಗ್ಗ ಹಿಡಿದು, "ಬಹುಮಾನ ಬ್ಯಾಡಪ್ಪ, ನೀ ಒಬ್ಬ ಉಳಿ" ಅನ್ನುತ್ತ ನಡೆದ. ಅವನ ಮುಖವನ್ನು ನೋಡಲು ಕೊಟ್ರಬಸಮ್ಮನಿಗೆ ಆಗಲಿಲ್ಲ. ಎತ್ತಿನ ಮುಖವನ್ನಂತೂ ಆಗಲೇ ಇಲ್ಲ.

ನಾಲ್ಕನೆಯ ಸುತ್ತಿಗೆ ಸಾವ್ಕಾರ ನಿಂತಿತು. ಬಾಲ ಎತ್ತಿತು. ಓಣಿಯೆಲ್ಲ ಉಸಿರು ಹಿಡಿಯಿತು. ಆಮೇಲೆ ಬಂದ ಸದ್ದಿಗೆ ಅಂಜಿನಕ್ಕನ ಮನೆಯ ಮಾಳಿಗೆಯ ಮೇಲಿದ್ದ ಪಾರಿವಾಳಗಳು ಒಟ್ಟಿಗೇ ಹಾರಿಹೋದವು. ಜನ ಕೈಮುಗಿದರು. ಅಂಥ ಸದ್ದಿಗೆ ಅಷ್ಟು ಮಂದಿ ಭಕ್ತಿಯಿಂದ ಕೈಮುಗಿದದ್ದು ಆ ಸೀಮೆಯಲ್ಲಿ ಹಿಂದೆ ನಡೆದಿರಲಿಕ್ಕಿಲ್ಲ. ಏಕಾಂತಪ್ಪ ಎತ್ತಿನ ಹಿಂದುಗಡೆಯೇ ನಿಂತು, ಯಾವ ಹಾನಿಯನ್ನೂ ಲೆಕ್ಕಿಸದೆ, "ಇನ್ನೊಂದು, ಇನ್ನೊಂದು" ಎಂದು ಬೇಡಿಕೊಂಡ. ಸಾವ್ಕಾರ ಜಿಪುಣತನ ಮಾಡಲಿಲ್ಲ.

ಹೊಟ್ಟೆ ಇಳಿಯಿತು. ಎತ್ತು ಮೆಲುಕು ಹಾಕಿತು. ಡಾಕ್ಟರು ಕೈ ತೊಳೆಯುತ್ತ, "ಇನ್ನ ಹದಿನೈದು ದಿನ ನುಚ್ಚು ಮುಟ್ಟಬ್ಯಾಡ್ರಿ" ಅಂದರು.

"ಹಂಗಂದ್ರ ಹೆಂಗ್ರಿ? ಮೊದಲೇ ಮೂವತ್ತೈದು ಇಳಿದೈತಿ! ಸಂಜಿಗೆ ಒಂದ್ಸ್ವಲ್ಪ..."

"ಇಳಿದಿಲ್ಲ!" ಎಂದು ಕೊಟ್ರಬಸಮ್ಮ ಕೂಗಿದಳು. ತನ್ನ ದನಿಗೆ ತಾನೇ ಬೆಚ್ಚಿ, ಸೆರಗು ಸರಿಮಾಡಿಕೊಂಡಳು. "ಎತ್ತು ಇಳಿದಿಲ್ರಿ. ಮೊದಲ್ನೇ ಸಲ ತೂಗಿದಾಗ ನಾನೂ ಟ್ರೇಲರಿನಾಗ ಇದ್ದೆ."

ಏಕಾಂತಪ್ಪನಿಗೆ ಇದು ಒಳಗಿಳಿಯಲು ಹೊತ್ತು ಹಿಡಿಯಿತು. ಕೊನೆಗೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರ ಬಜ್ಜಿ ತಿಂದಾಕಿ ಯಾರು?"

"ನನಗೇನು ಗೊತ್ತು? ಯಾರ ಹೇಣ್ತಿನೋ!"

"ತಡೀರಿ," ಅಂದರು ಡಾಕ್ಟರು, ನಗು ನುಂಗಿಕೊಂಡು. "ಹಂಗಾದ್ರ ಮೊದಲಿನ ತೂಕದಾಗ ಇವರದನ್ನ ಕಳೀಬೇಕು. ಎಷ್ಟಿದ್ದೀರಮ್ಮ ನೀವು?"

ಕೊಟ್ರಬಸಮ್ಮ ನೆಲ ನೋಡಿದಳು. ಅವಳ ಪರವಾಗಿ, ಹಬ್ಬಕ್ಕೆಂದು ಹಿಂದಿನ ದಿನವೇ ಬಂದಿದ್ದ ಸುಮಲತಾ, ಈ ಪ್ರಶ್ನೆಗಾಗಿಯೇ ಕೊಟ್ಟೂರಿನಿಂದ ಬಂದವಳಂತೆ, ಉತ್ತರ ಕೊಟ್ಟಳು. "ಐವತ್ತೈದು. ನಮ್ಮ ಅತ್ತಿಗೀದು ಯಾವಾಗ್ಲೂ ಐವತ್ತೈದರೀ. ಹೌದಲ್ರಿ ಅತ್ತಿಗಿ?"

"ಹ್ಞೂಂ," ಅಂದಳು ಕೊಟ್ರಬಸಮ್ಮ.

ಡಾಕ್ಟರು ಬೆರಳೆಣಿಸಿದರು. ಹಾಗಾದರೆ ಎತ್ತು ಇಳಿದಿಲ್ಲ, ಇಪ್ಪತ್ತು ಕಿಲೋ ಏರಿದೆ. ಏಕಾಂತಪ್ಪ ಅಷ್ಟಕ್ಕೇ ಹೆಂಡತಿಯನ್ನು ಓಣಿಯ ನಡುವೆ ಅಪ್ಪಿಕೊಳ್ಳುವುದೊಂದು ಬಾಕಿ, ಎತ್ತನ್ನು ಅಪ್ಪಿಕೊಂಡ. ಕೊಟ್ರಬಸಮ್ಮನಿಗೆ ಒಳಗೊಳಗೇ ಎತ್ತು ಕಷ್ಟಪಟ್ಟು ಗಳಿಸಿದ ಮೈಯಲ್ಲಿ ಒಂದಿಷ್ಟನ್ನು ತಾನು ಬಚ್ಚಿಟ್ಟುಕೊಂಡಂತೆ ಅನ್ನಿಸಿತು. ಆದರೂ ಎತ್ತು ಉಳಿಯಿತು, ಮೆಕ್ಕೆಜೋಳ ನಿಂತಿತು, ಉಳಿದದ್ದು ಉಳಿದಲ್ಲೇ ಇರಲಿ ಎಂದುಕೊಂಡಳು.

ಆಮೇಲಿನದು ಡಾಕ್ಟರು ಹೇಳಿದ ಪಥ್ಯ. ನುಚ್ಚು ಹದಿನೈದು ದಿನ ಇಲ್ಲ, ಆಮೇಲೂ ಕಡಿಮೆ, ಹಿಂಡಿ ಅಳತೆಯಷ್ಟು, ಹಸಿ ಮೇವು ಮಾತ್ರ ಯಥೇಚ್ಛ, ಅದೂ ಸಣ್ಣಗೆ ಕತ್ತರಿಸಿದ್ದು. ಕತ್ತರಿಸುವ ಕೈ ಒಂದೇ ಇತ್ತು. ಮೇವು ಹೆಚ್ಚಿದಷ್ಟೂ ಭುಜದ ಕಟಕ್ ಹೆಚ್ಚಿತು. ರಾಶಿಯ ಮುಂದೆ ಕೂತು ಕೊಟ್ರಬಸಮ್ಮ ಎತ್ತಿನೊಂದಿಗೆ ಮಾತಾಡುವಳು: "ತಿನ್ನಪ್ಪ. ಈಗ ನಾನು ಕತ್ತರಸ್ತೀನಿ, ಮುಂದ ಮಿಷನ್ನು ಕತ್ತರಿಸ್ಲಿ." ಅದು ತಲೆಯಾಡಿಸಿ ತಿನ್ನುವುದು. ಆ ಮನೆಯಲ್ಲಿ ಅವಳ ಮಾತಿಗೆ ತಲೆಯಾಡಿಸಿದ್ದು ಅದೊಂದೇ.

ಸ್ಪರ್ಧೆಯ ದಿನ ಹರಪನಹಳ್ಳಿಯ ಕಾಟಾದ ಸುತ್ತ ಶಾಮಿಯಾನ, ಮೈಕು, ಹಿಂಡಿ ಅಂಗಡಿಗಳ ಬ್ಯಾನರು. ಇಟ್ಟಿಗಿಯಿಂದ ಒಂದು ಟ್ರೇಲರು ತುಂಬ ಹೆಂಗಸರು ಬಂದಿದ್ದರು, ಕೊಟ್ಟೂರಿನಿಂದ ಸುಮಲತಾ. ಮೇಜಿನ ಮೇಲೆ ಮೇವು ಕತ್ತರಿಸುವ ಯಂತ್ರ, ಹಸಿರು ಬಣ್ಣ, ಕೊರಳಿಗೆ ಹಾರ. ಕೊಟ್ರಬಸಮ್ಮ ಯಾರೂ ನೋಡದಾಗ ಅದರ ಮೇಲೆ ಒಮ್ಮೆ ಕೈಯಾಡಿಸಿ ಬಂದಳು. ತಣ್ಣಗಿತ್ತು.

ಒಂದೊಂದೇ ಎತ್ತು ಹತ್ತಿ ಇಳಿಯಿತು. ಮಲ್ಲಿಗೆ ವೆಂಕಟೇಶನ ಎತ್ತು, ಕೋಡಿನಿಂದ ಬಾಲದವರೆಗೆ ಘಮಘಮಿಸುತ್ತ ನಿಂತು, ಎಪ್ಪತ್ತು ಕಿಲೋ ಕೂಡಿಸಿದ್ದಾಗಿ ಮೈಕಿನಲ್ಲಿ ಸಾರಲ್ಪಟ್ಟಿತು. ಚಪ್ಪಾಳೆ. ಉಳಿದದ್ದು ಸಾವ್ಕಾರ ಒಂದೇ. ಈ ಸಲ ಏಕಾಂತಪ್ಪ ಟ್ರೇಲರಿನ ಮೂಲೆಮೂಲೆಯನ್ನೂ ನೋಡಿ, ಚೀಲವನ್ನೂ ಒದರಿ, ಹೆಂಡತಿಯನ್ನು ಕೈಹಿಡಿದು ದೂರ ನಿಲ್ಲಿಸಿದ.

"ಮೂರು ಕ್ವಿಂಟಲ್ ತೊಂಬತ್ತು!" ಎಂದು ಹಂಪೇಶ ಕೂಗಿ, ಹಳೆಯದನ್ನು ನೋಡಿ, ದನಿ ಇಳಿಸಿದ. "ಮೊದಲ್ನೇ ಸಲಾನೂ ಅಷ್ಟೇ ಇತ್ತು. ಏನೂ ಕೂಡಿಲ್ಲ."

ವೆಂಕಟೇಶನ ಕಡೆಯವರು ಗೊಳ್ಳೆಂದರು. ಏಕಾಂತಪ್ಪ ಮುನ್ನುಗ್ಗಿದ. "ಕೂಡೈತ್ರಿ! ಮೊದಲ್ನೇ ಸಲ ಎತ್ತಿನ ಜತಿ ನಮ್ಮಾಕಿನೂ ಕಾಟಾದ ಮ್ಯಾಲಿದ್ಲು. ಡಾಕ್ಟ್ರಿಗೆ ಗೊತ್ತೈತಿ!"

ಹಂಪೇಶ ಕೋಣೆಯಿಂದ ಹೊರಗೇ ಬಂದ. "ಹೌದು, ತೂಕ ಆದಮ್ಯಾಲ ಒಬ್ರು ಹಸಿರು ಸೀರಿಯೋರು ಇಳಿದ್ರು. ನಾನು ಈಗ ಹತ್ತಿ ಈಗ ಇಳಿದ್ರು ಅನ್ಕೊಂಡೆ. ಯಣ್ಣಾ, ಲಾಭಕ್ಕಂತ ಲೋಡಿನ ಮ್ಯಾಲ ಕುಂದ್ರೋರನ್ನ ದಿನಾ ನೋಡ್ತೀನಿ. ಲುಕ್ಸಾನಿಗಂತ ಕುಂತೋರು ನೀವೇ ಮೊದಲು."

ಡಾಕ್ಟರು ಮೈಕು ಹಿಡಿದರು. ಲೆಕ್ಕ ಸಲೀಸಾಗಿತ್ತು. ಆಗ ಎತ್ತು ಮತ್ತು ಹೆಂಡತಿ ಕೂಡಿ ಎಷ್ಟಿದ್ದರೋ, ಈಗ ಎತ್ತು ಒಂದೇ ಅಷ್ಟಿದೆ. ಅಂದರೆ ಎತ್ತು ಕೂಡಿಸಿಕೊಂಡದ್ದು ಹೆಂಡತಿಯ ತೂಕದಷ್ಟು. ಹೆಂಡತಿಯ ತೂಕ ಐವತ್ತೈದು. "ಆದ್ದರಿಂದ ಇಟ್ಟಿಗಿ ಏಕಾಂತಪ್ಪನವರ ಎತ್ತು ಐವತ್ತೈದು ಕಿಲೋ, ಹಡಗಲಿ ವೆಂಕಟೇಶ ಅವರ ಎತ್ತು ಎಪ್ಪತ್ತು ಕಿಲೋ. ಪ್ರಥಮ ಬಹುಮಾನ..."

ವೆಂಕಟೇಶ ಯಂತ್ರದ ಹತ್ತಿರ ಹೋಗಿ ಅದರ ಮೇಲೆ ಕೈಯಿಟ್ಟ, ಸ್ವಂತದ್ದರ ಮೇಲೆ ಇಡುವ ಹಾಗೆ. ಕೊಟ್ರಬಸಮ್ಮನ ಬಲಭುಜದಲ್ಲಿ ಏನೋ ಕಟಕ್ ಎಂದಿತು.

"ಐವತ್ತೈದಲ್ರಿ," ಅಂದಳು.

ಮೈಕು ನಿಂತಿತು. ಸುಮಲತಾ ತಿರುಗಿ ನೋಡಿದಳು.

"ಮತ್ತೆಷ್ಟಮ್ಮ?"

"ಒಂದ್ಸ್ವಲ್ಪ ಹೆಚ್ಚಿರಬೌದು. ಅರವತ್ತು."

"ಅರವತ್ತು ಅಂದ್ರೂ ಬಹುಮಾನ ನಮ್ದೇ," ಅಂದ ವೆಂಕಟೇಶ.

"ಹಂಗಾದ್ರ ಅರವತ್ತೈದು."

"ಏನ್ರೀ ಇದು, ಸವಾಲು ಕೂಗಾಕ ಹತ್ತೀರೇನು?" ವೆಂಕಟೇಶ ಜನರ ಕಡೆ ತಿರುಗಿದ. "ನೋಡ್ರಪ್ಪಾ ಅಕ್ಕಾರನ್ನ. ಮಲ್ಲಿಗಿ ಎಸಳಿದ್ದಂಗ ಅದಾರ! ಗಾಳಿ ಬಂದ್ರ ಹಾರಿ ಹೋಗ್ತಾರ! ಇವರು ಎಪ್ಪತ್ತು ಅಂದ್ರ ಯಾರು ನಂಬಬೇಕು?"

ಮದುವೆಯಾದಾಗಿನಿಂದ ಇಷ್ಟು ದೊಡ್ಡ ಹೊಗಳಿಕೆ ಕೊಟ್ರಬಸಮ್ಮನ ಕಿವಿಗೆ ಬಿದ್ದಿರಲಿಲ್ಲ. ಒಂದು ಗಳಿಗೆ ಅಲ್ಲೇ ನಿಂತು ಅದನ್ನು ಸವಿದಳು. ಏಕಾಂತಪ್ಪನೋ ಟವೆಲನ್ನು ಹೆಗಲಿಗೆಸೆದು ಮುಂದೆ ಬಂದ. "ಯಾರಿಗಲೇ ಎಸಳು ಅಂತೀ? ನಮ್ಮಾಕೀನ ಸರಿಯಾಗಿ ನೋಡು! ಏನು ಕಡಿಮಿ ಅದಾಳ?"

"ತೂಗ್ರಿ," ಅಂದಳು ಕೊಟ್ರಬಸಮ್ಮ. ಚಪ್ಪಲಿ ಬಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಹಂಪೇಶಣ್ಣ, ನನ್ನ ತೂಗಪ್ಪ."

ಹತ್ತು ಗಾಲಿಯ ಲಾರಿ ನಿಲ್ಲುವ ಕಬ್ಬಿಣದ ಹಲಗೆಯ ನಟ್ಟನಡುವೆ ಒಬ್ಬ ಹೆಂಗಸು ಬರಿಗಾಲಲ್ಲಿ ನಿಂತಳು. ಬಿಸಿಲಿಗೆ ಹಲಗೆ ಸುಡುತ್ತಿತ್ತು. ಸುತ್ತ ಜನ, ಎತ್ತು, ಮೊಬೈಲುಗಳು. ಎದುರಿಗೆ ಗಾಜಿನ ಹಿಂದೆ ಹಂಪೇಶ. ಅವನು ಅಂಕಿ ನೋಡಿದ. ಅವಳನ್ನು ನೋಡಿದ. ಹೆಂಗಸರ ವಿಷಯ ಎಂದೋ ಏನೋ, ಹೊರಗೆ ಬಂದು, ಬಾಯ ಮೇಲೆ ಕೈಯಿಟ್ಟು ಡಾಕ್ಟರ ಕಿವಿಯಲ್ಲಿ ಹೇಳಿದ. ಡಾಕ್ಟರು ಮೈಕು ಆಫ್ ಮಾಡಲು ಮರೆತಿದ್ದರು.

"ಎಪ್ಪತ್ತೈದು" ಎಂದು ಹಂಪೇಶನ ಗುಟ್ಟು ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನವರೆಗೂ ಕೇಳಿತು.

"ನಮ್ಮಾಕಿ ಎಪ್ಪತ್ತೈದು!" ಏಕಾಂತಪ್ಪ ಟವೆಲು ಬೀಸುತ್ತ ಕುಣಿದ. "ಕೇಳಿದ್ರೇನ್ರೋ, ಎಪ್ಪತ್ತೈದು!"

ವೆಂಕಟೇಶ ಇನ್ನೂ ಬಿಡಲಿಲ್ಲ. "ತಡೀರಿ ಡಾಕ್ಟ್ರೇ. ಇದು ಇವತ್ತಿನ ತೂಕ. ಮೂರು ತಿಂಗಳಾಗ ಎತ್ತಿನ ಜತಿ ಅಕ್ಕಾರೂ ಮೈ ಕೂಡಿಸಿರಬೌದು. ಆಗಿನ ತೂಕಕ್ಕ ಸಾಕ್ಷಿ ಯಾರು?"

ಡಾಕ್ಟರು ಯೋಚನೆಗೆ ಬಿದ್ದರು. ಮಾತಿನಲ್ಲಿ ತೂಕವಿತ್ತು. ಕೊಟ್ರಬಸಮ್ಮ ಹಲಗೆಯ ಮೇಲೇ ನಿಂತಿದ್ದಳು. ಇದ್ದದ್ದನ್ನೆಲ್ಲ ಕೊಟ್ಟಾಗಿತ್ತು, ಇನ್ನು ಕೊಡಲು ಏನೂ ಉಳಿದಿರಲಿಲ್ಲ.

"ನಾನದೀನಿ ಸಾಕ್ಷಿ," ಎಂದಿತು ಒಂದು ದನಿ. ಸುಮಲತಾ ಜನರನ್ನು ಸರಿಸಿಕೊಂಡು ಮುಂದೆ ಬಂದಳು. "ಈ ಮೂರು ತಿಂಗಳಾಗ ನಮ್ಮ ಅತ್ತಿಗಿ ಒಂದು ಗುಂಜಿನೂ ಏರಿಲ್ಲ, ಒಂದು ಗುಂಜಿನೂ ಇಳಿದಿಲ್ಲ."

"ಅದು ನಿಮಗೆಂಗ ಗೊತ್ತು?"

"ಗೊತ್ತಿರದೇನು? ಅದನ್ನ ನೋಡಾಕಂತನೇ ಹಬ್ಬಕ್ಕೊಮ್ಮಿ ಕೊಟ್ಟೂರಿಂದ ಬಸ್ ಹತ್ತಿ ಬರ್ತೀನಿ! ಎಲ್ಲಿ ನನಗಿಂತ ಇಳಿದುಬಿಟ್ಟಾರೋ ಅಂತ!"

ಜನ ನಕ್ಕರು. ಸುಮಲತಾಳ ಮುಖ ಕೆಂಪಾಗಿತ್ತು, ಆದರೆ ನಿಲ್ಲಿಸಲಿಲ್ಲ. "ಐವತ್ತೈದು ಅಂತ ಹೇಳಿಕೆಂತ ಬಂದ್ರು, ನಾನೂ ಹೌದೌದು ಅಂದೆ. ಒಂದು ದಿನಾನೂ ನಂಬಿಲ್ಲ. ಮದುವಿ ಮನ್ಯಾಗ ಇವರು ಕುಂತು ಎದ್ರಂದ್ರ ಕುರ್ಚಿ ಎರಡು ಸಲ ಉಸಿರು ಬಿಡ್ತಿತ್ತು."

"ನೀ ನಂಬಿರಲಿಲ್ಲೇನು?" ಕೊಟ್ರಬಸಮ್ಮ ಹಲಗೆಯ ಮೇಲಿಂದಲೇ ಕೇಳಿದಳು.

"ಯಾರು ನಂಬಿದ್ರು ಅತ್ತಿಗಿ?"

ಕೊಟ್ರಬಸಮ್ಮ ಅಂಜಿನಕ್ಕನ ಕಡೆ ನೋಡಿದಳು. ಅಂಜಿನಕ್ಕ ಆಕಾಶ ನೋಡಿದಳು. ಕೊಟ್ರಬಸಮ್ಮ ಗಂಡನ ಕಡೆ ತಿರುಗಿದಳು. "ನಾನು ನಂಬಿದ್ದೆ," ಅಂದ ಏಕಾಂತಪ್ಪ, ಪ್ರಾಮಾಣಿಕವಾಗಿ. ಇಷ್ಟು ವರ್ಷ ಹೊಟ್ಟೆ ಒಳಗೆಳೆದುಕೊಂಡು ಕಾಪಾಡಿದ ಅಂಕಿಯನ್ನು ಇಡೀ ಊರಿನಲ್ಲಿ ನಂಬಿದವನು ಒಬ್ಬನೇ, ಅವನೋ ಯಾರದೋ ಹೆಂಡತಿಯ ಬೆನ್ನನ್ನು ತನ್ನ ಹೆಂಡತಿಯದೆಂದು ನಂಬಿದವನು. ಕೊಟ್ರಬಸಮ್ಮನಿಗೆ ನಗು ಬಂತು. ಎಳೆದುಕೊಂಡಿದ್ದ ಹೊಟ್ಟೆಯನ್ನು ಬಿಟ್ಟಳು. ಎದೆಯ ಆಳದವರೆಗೆ ಗಾಳಿ ಹೋಯಿತು.

"ಸಾಕ್ಷಿ ಗಟ್ಟಿ ಐತಿ," ಎಂದು ಡಾಕ್ಟರು ಮೈಕಿನಲ್ಲಿ ತೀರ್ಪಿತ್ತರು. "ನಾದಿನಿ ಅಳತಿ ತಪ್ಪಾಗಾಕ ಸಾಧ್ಯ ಇಲ್ಲ. ಸಾವ್ಕಾರ, ಎಪ್ಪತ್ತೈದು. ಪ್ರಥಮ ಬಹುಮಾನ ಇಟ್ಟಿಗಿಗೆ!"

ಡೊಳ್ಳು ಬಡಿಯಿತು. ಏಕಾಂತಪ್ಪ ಯಂತ್ರದ ಕೊರಳಿನ ಹಾರವನ್ನು ತೆಗೆದು ಎತ್ತಿಗೆ ಹಾಕಿದ, ಎತ್ತು ಅದನ್ನು ತಿಂದಿತು. ವೆಂಕಟೇಶ ತಕರಾರು ಮುಗಿಸಿ, ದೊಡ್ಡ ಮನಸ್ಸು ಮಾಡಿ, ತನ್ನ ಎತ್ತಿನ ಕೋಡಿನ ಒಂದು ಮೊಳ ಮಲ್ಲಿಗೆ ಬಿಚ್ಚಿ ಕೊಟ್ರಬಸಮ್ಮನ ಕೈಗಿತ್ತ.

ಅವಳು ಹೂ ಮುಡಿದುಕೊಂಡು ಹಲಗೆಯಿಂದ ಇಳಿಯುವಷ್ಟರಲ್ಲಿ ಸುಮಲತಾ ಚಪ್ಪಲಿ ಬಿಡುತ್ತಿದ್ದಳು.

"ನೀ ಯಾಕಲೇ ಸುಮಾ?"

"ಹತ್ತು ವರ್ಷ ಆತು ಅತ್ತಿಗಿ, ನಾನು ಕಾಟಾದ ಮ್ಯಾಲ ನಿಂತಿಲ್ಲ." ಹಲಗೆಗೆ ಕಾಲಿಟ್ಟು ಹಂಪೇಶನಿಗೆ, "ಮೆಲ್ಲಕ ಹೇಳಪ್ಪ" ಅಂದಳು.

ಜೀವಮಾನವೆಲ್ಲ ಲಾರಿಯವರಿಗೆ ಕೂಗಿ ಹೇಳಿದ ಗಂಟಲು. "ಎಂಬತ್ತು!"

ಸುಮಲತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಅತ್ತಿಗೆಯನ್ನು ನೋಡಿದಳು. ಕೊಟ್ರಬಸಮ್ಮ ಸುಡುವ ಹಲಗೆಯ ಮೇಲೆ ಮತ್ತೆ ಹೋಗಿ ಅವಳ ಹೆಗಲ ಮೇಲೆ ಕೈ ಹಾಕಿದಳು. ಒಂದೂವರೆ ಕ್ವಿಂಟಲ್ ಮೀರಿದ ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಸರೀರಲೇ, ನಂದೂ ನೋಡ್ಲಿ," ಎಂದು ಅಂಜಿನಕ್ಕ ಬಂದಳು. ಅವಳ ಹಿಂದೆ ಇಟ್ಟಿಗಿಯ ಟ್ರೇಲರಿನ ಹೆಂಗಸರು, ಅವರ ಹಿಂದೆ ಹಡಗಲಿಯವರು, ಮಲ್ಲಿಗೆ ವೆಂಕಟೇಶನ ಹೆಂಡತಿಯೂ ಸೇರಿದಂತೆ. ಮೆಕ್ಕೆಜೋಳದ ಎರಡು ಲಾರಿಗಳು ರಸ್ತೆಯಲ್ಲಿ ಹಾರ್ನು ಹೊಡೆಯುತ್ತ ಕಾದವು. ಹಂಪೇಶನಿಗೂ ನಾಚಿಕೆಯಾಗಿ, ಅಂಜಿನಕ್ಕನ ಅಂಕಿಯನ್ನು ಈ ಸಲ ನಿಜವಾಗಿಯೂ ಮೆಲ್ಲಗೆ ಹೇಳಿದ.

ಪಾಳಿಯ ತುದಿಯಿಂದ ಹೆಂಗಸರೆಲ್ಲ ಒಟ್ಟಿಗೇ ಗದರಿಸಿದರು. "ಗಟ್ಟಿಗೆ ಹೇಳಪ್ಪಾ! ಹಿಂದಿನೋರಿಗೆ ಕೇಳಾಂಗಿಲ್ಲ!"